ಕಮಲಾಪುರದಲ್ಲಿ ಹೋಲ್ಡಾನ್

ಜೂನ್ 16, ಭಾನುವಾರ

ಈ ಮೂಲಕ ಸಮಸ್ತ ನಾಗರಿಕ ಬಂಧುಗಳಿಗೆ ತಿಳಿಯಪಡಿಸುವುದೇನೆಂದರೆ, ಹೊಸಪೇಟೆ–ಕಂಪ್ಲಿ ಮಾರ್ಗದ ಖಾಸಗಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಒಂದೇ ಬಾಗಿಲಿಗೆ ಜೋತುಬಿದ್ದು ಸೇವೆ ಸಲ್ಲಿಸಿದ ಹಿರಿಯ ಕಂಡಕ್ಟರ್ ಶ್ರೀ ದುರುಗಣ್ಣನವರು, ಲಕ್ವದ ನಿಮಿತ್ತ ಹತ್ತು ದಿನಗಳ ಆಸ್ಪತ್ರೆ ವಾಸ ಮುಗಿಸಿ ಇಂದು ಸ್ವಗೃಹಕ್ಕೆ ದಯಮಾಡಿಸಿದ್ದಾರೆ. ಬಲಗಾಲು ಅರ್ಧ ಬಂದಿದೆ. ಬಲಗೈ ಬಂದಿಲ್ಲ. ಮಾತು ಬಂದೇ ಇಲ್ಲ. ಕೋರುವವರು: ಏಕೈಕ ಸುಪುತ್ರ ಪಂಪೇಶ್, ಬಿ.ಎ.

ಹೀಗೆ ಬರೆಯುವುದೇ ನನ್ನ ಹೊಟ್ಟೆಪಾಡು. ಲಿಂಗರಾಜಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಮೂರಕ್ಕೂ ಅಕ್ಷರ ಕೂಡಿಸುವವನು ನಾನು. ಕನ್ನಡ ಒಂದೇ, ಬಣ್ಣ ಮಾತ್ರ ಬೇರೆ. ಕೆಲಸವಿಲ್ಲದ ಒಂದು ದಿನ, ಗುಂಡುಕಲ್ಲಿನ ಹಾಗಿರುವ ಗೆಳೆಯ ಗಿರೀಶನಿಗೆ ‘ಮತ್ತೆ ಹುಟ್ಟಿ ಬಾ’ ಅಂತ ಬ್ಯಾನರ್ ಮಾಡಿ ಅವನ ಮನೆ ಮುಂದೆಯೇ ಕಟ್ಟಿದ್ದೆ. ಅವನ ಅಜ್ಜಿ ಅತ್ತುಕೊಂಡು ಬಂದಾಗ ಬಾಗಿಲು ತೆಗೆದವನು ಗಿರೀಶನೇ. ಆವತ್ತು ಅಪ್ಪ ನನ್ನನ್ನು ಚಪ್ಪಲಿಯಿಂದ ಹೊಡೆದು, ಆಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ನಕ್ಕ. ಈ ರೋಗ ನನಗೆ ಬಂದಿದ್ದೇ ಅವನಿಂದ.

ಬರೆಯುತ್ತಿರುವುದು ಅಪ್ಪನ ಖಾಲಿ ಟ್ರಿಪ್ ಶೀಟಿನ ಪುಸ್ತಕದಲ್ಲಿ. ಪ್ರತಿ ಹಾಳೆಯಲ್ಲೂ ಬಿಟ್ಟ ಟೈಮು, ಮುಟ್ಟಿದ ಟೈಮು ಅಂತ ಎರಡು ಕಾಲಂ. ಇದನ್ನು ಓದುವವರು ಯಾರೂ ಇಲ್ಲ. ಅವ್ವನಿಗೆ ಸಹಿ ಮಾಡಲು ಮಾತ್ರ ಬರುತ್ತದೆ. ಅಪ್ಪನಿಗೆ ಡಾಕ್ಟರು ಪೇಪರ್ ತೋರಿಸಿದರೆ, ಗೋಡೆ ನೋಡಿದ ಹಾಗೆ ನೋಡಿದ.

ಆದ್ದರಿಂದ ಇಲ್ಲಿ ಒಂದು ನಿಜ ಬರೆಯಬಹುದು. ನಾಳೆ.

ಜೂನ್ 17, ಸೋಮವಾರ

ನಮ್ಮ ಮನೆಯಲ್ಲಿ ಗಡಿಯಾರ ಇದೆ, ನೋಡುವವರಿಲ್ಲ. ಅಪ್ಪನ ಬಸ್ಸು ಬೆಳಿಗ್ಗೆ ಆರೂ ನಲವತ್ತೈದಕ್ಕೆ ಹೊಸಪೇಟೆ ಬಿಡುತ್ತದೆ. ಅನಂತಶಯನಗುಡಿ, ಕಡ್ಡಿರಾಂಪುರ ಕ್ರಾಸ್, ಕಮಲಾಪುರ, ವೆಂಕಟಾಪುರ, ಬುಕ್ಕಸಾಗರ, ರಾಮಸಾಗರ, ಕಂಪ್ಲಿ. ರಜೆಯ ದಿನವೂ ಅಪ್ಪನ ತಲೆಯೊಳಗೆ ಬಸ್ಸು ಓಡುತ್ತಲೇ ಇರುತ್ತದೆ. ‘ಬುಕ್ಕಸಾಗರಕ್ಕ ಬಂತು, ಇನ್ನೂ ಉಪ್ಪಿಟ್ಟಿಲ್ಲೇನು’ ಅನ್ನುತ್ತಾನೆ. ಅವ್ವನಿಗೂ ಗಡಿಯಾರದ ಮುಳ್ಳಿಗಿಂತ ಅಪ್ಪನ ಸ್ಟಾಪುಗಳೇ ಬೇಗ ತಿಳಿಯುತ್ತವೆ. ಕಮಲಾಪುರ ಅಂದರೆ ಏಳೂ ಹತ್ತು, ಹೆಚ್ಚೆಂದರೆ ಏಳೂ ಹದಿನೈದು. ಅಲ್ಲಿ ಡ್ರೈವರ್ ಮುದುಕಪ್ಪ ಚಹಾ ಕುಡಿಯುತ್ತಾನೆ. ಮನೆಯಲ್ಲಿದ್ದ ದಿನ ಅಪ್ಪನೂ ಅದೇ ಹೊತ್ತಿಗೆ ಕುಡಿಯುತ್ತಾನೆ.

ಜೂನ್ 6ರಂದು ಬಸ್ಸು ಬ್ರೇಕ್ ಕೆಲಸಕ್ಕೆ ಹೋಗಿತ್ತು. ಅವ್ವ ಐದೂವರೆಗೇ ಹಾಸ್ಟೆಲಿನ ಅಡುಗೆಗೆ ಹೊರಟಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆಮೇಲೆ ಎದ್ದ, ಹಾಸಿಗೆ ಮಡಿಚಿಟ್ಟ, ಮುಖ ತೊಳೆದ, ಚಹಾಕ್ಕಿಟ್ಟ. ಎಲ್ಲವನ್ನೂ ನಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಎರಡು ಲೋಟ ಹಿಡಿದು ನನ್ನ ಕಡೆ ಬಂದ. ಬಲಗೈಯ ಲೋಟ ವಾಲಿ ಚಹಾ ನೆಲಕ್ಕೆ ಸುರಿಯಿತು. ಅವನಿಗೆ ಗೊತ್ತಾಗಲಿಲ್ಲ. ಬಾಯಿ ಒಂದು ಕಡೆಗೆ ಇಳಿದಿತ್ತು. ಏನೋ ಅಂದ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡವರ ಹಾಗೆ.

ಹಿಂದಿನ ವಾರ ನಾನು ಅವನ ಚಹಾಕ್ಕೆ ಉಪ್ಪು ಹಾಕಿದ್ದೆ. ‘ತಡಿ ಮಗನ, ನಿನಗೂ ಒಂದಿನ ಐತಿ’ ಅಂದಿದ್ದ. ಕುಡಿದ ಪ್ಯಾಸೆಂಜರುಗಳ ಹಾಗೆ ಮಾಡಿ ತೋರಿಸುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ. ಇವತ್ತು ನನ್ನ ಸರದಿ ಅಂದುಕೊಂಡೆ. ಫೋನ್ ತೆಗೆದು ವಿಡಿಯೋ ಮಾಡಿದೆ. ಮೂವತ್ತೆಂಟು ಸೆಕೆಂಡು. ಹಿಂದಿನಿಂದ ಗಂಭೀರ ದನಿಯಲ್ಲಿ ವರದಿ ಓದಿದೆ: ಕಂಡಕ್ಟರ್ ಸಾಹೇಬರು ಇಂದು ಬೆಳಿಗ್ಗೆಯೇ ಟೈಟಾಗಿದ್ದಾರೆ ಎಂದು ನಮ್ಮ ವರದಿಗಾರರು ತಿಳಿಸಿದ್ದಾರೆ. ಆಮೇಲೆ ನಗು. ಸಮಯ ಏಳೂ ಹನ್ನೆರಡು. ಸ್ಟೇಟಸ್ಸಿಗೆ ಹಾಕಿ ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಒಗ್ಗರಣೆ ಮಂಡಕ್ಕಿ ತಿನ್ನಲು ಪೇಟೆಗೆ ಹೋದೆ. ಒಂಬತ್ತಕ್ಕೆ ಬಂದರೆ ಅಪ್ಪ ಒಲೆಯ ಹತ್ತಿರ ಬಿದ್ದಿದ್ದ. ಕಣ್ಣು ತೆರೆದಿತ್ತು.

ಆಟೋದಲ್ಲಿ ಸ್ಟೇಟಸ್ ಅಳಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗಿನಿಂದ ಹೀಗಿದ್ದಾರೆ ಅಂತ. ರಾತ್ರಿಯೇ ಆಗಿರಬೇಕ್ರಿ, ಬೆಳಿಗ್ಗೆ ನೋಡಿದಾಗ ಹಂಗೇ ಇದ್ರು ಅಂದೆ. ನಗಾಡುತ್ತಾ ವಿಡಿಯೋ ಮಾಡಿದೆ ಅಂತ ಹೇಳುವ ಬಾಯಿ ಆ ಹೊತ್ತಿಗೆ ನನ್ನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಅವ್ವ ಓಡಿಬಂದಳು. ಡಾಕ್ಟರು ಅವಳಿಗೆ ತಿಳಿಸಿ ಹೇಳಿದರು: ಶುರುವಾಗಿ ನಾಲ್ಕೂವರೆ ತಾಸಿನ ಒಳಗಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ, ಎಲ್ಲರಿಗೂ ಹಿಡಿಯುತ್ತದೆ ಅಂತಿಲ್ಲ, ಆದರೆ ರಾತ್ರಿಯಿಂದ ಅಂದರೆ ಈಗ ಕೊಡಲು ಬರುವುದಿಲ್ಲ, ಮಿದುಳಿನಲ್ಲಿ ರಕ್ತ ಸೋರುತ್ತದೆ.

ಏಳೂ ಹನ್ನೆರಡಕ್ಕೆ ನಾಲ್ಕೂವರೆ ಕೂಡಿಸಿದರೆ ಹನ್ನೊಂದೂ ನಲವತ್ತೆರಡು. ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ನನಗೆ ಲೆಕ್ಕ ಬರುತ್ತದೆ. ಔಷಧಿ ಚೀಟಿ ಹಿಡಿದು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಒಳಗೆ ಹೋಗಬೇಕು, ಹೇಳಬೇಕು. ಒಳಗೆ ಹೋದಾಗ ಹನ್ನೊಂದೂ ಐವತ್ತು.

ಇದಕ್ಕೆ ಯಾವ ಬಣ್ಣದ ಬಾರ್ಡರು ಹಾಕಬೇಕೋ ತಿಳಿಯುತ್ತಿಲ್ಲ.

ಜೂನ್ 24, ಸೋಮವಾರ

ಕಂಪ್ಲಿಯಿಂದ ಅಪ್ಪನ ಅಕ್ಕ, ಶ್ರೀಮತಿ ಹುಲಿಗೆವ್ವನವರು, ಎರಡು ಚೀಲ ಮತ್ತು ಒಂದು ಅಭಿಪ್ರಾಯದೊಂದಿಗೆ ಆಗಮಿಸಿ ನಾಲ್ಕು ದಿನವಾಯಿತು. ಅಭಿಪ್ರಾಯವನ್ನು ನೋಡಲು ಬಂದ ಪ್ರತಿಯೊಬ್ಬರಿಗೂ ಹಂಚುತ್ತಿದ್ದಾರೆ. ಪಕ್ಕದಾಗ ಮಲಗಿದ ಹೆಂಡ್ತಿಗೆ ಗಂಡನ ಬಾಯಿ ಸೊಟ್ಟಾಗಿದ್ದು ತಿಳಿಲಿಲ್ಲಂತ. ದಾಟಿಕೊಂಡು ಹೋಗಿ ಹಾಸ್ಟೆಲಿನಾಗ ಅನ್ನ ಬೇಯಿಸಿದಳಂತ.

ಅವ್ವ ಎದುರಾಡುವುದಿಲ್ಲ. ಅವಳೂ ಅದನ್ನೇ ನಂಬಿದ್ದಾಳೆ. ಒಂದೇ ಒಂದು ಸಲ ನನ್ನನ್ನು ಕೇಳಿದಳು: ‘ಆವತ್ತು ಹಾಸಿಗಿ ಮಡಿಚಿತ್ತಲ್ಲೋ, ಯಾರು ಮಡಿಚಿದ್ರು?’ ನಾನೇ ಮಡಿಚಿದೆ ಅಂದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಹಾಸಿಗೆ ಮಡಿಚಿದ ಏಕಮೇವ ಐತಿಹಾಸಿಕ ದಿನ ಅದು ಅನ್ನುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಅತ್ತೆ ಆ ಮಾತು ತೆಗೆದಾಗಲೆಲ್ಲ ಅಪ್ಪ ಎಡಗೈಯಿಂದ ಮಂಚ ಬಡಿಯುತ್ತಾನೆ. ‘ತಾ, ತಾ, ತಾ’ ಅನ್ನುತ್ತಾನೆ. ಕತ್ತಿನ ನರ ಉಬ್ಬುತ್ತವೆ. ನೋಡು, ನಿನ್ನ ಮ್ಯಾಲೆ ಎಷ್ಟು ಸಿಟ್ಟು ಐತಿ ನನ್ನ ತಮ್ಮಗ, ಕಣ್ಣೆದುರಿಗೆ ಬರಬ್ಯಾಡ ಅಂದಳು ಅತ್ತೆ. ಅವತ್ತಿನಿಂದ ಅವ್ವ ಮಂಚದ ಬಲಗಡೆ ಕೂರುತ್ತಾಳೆ. ಅಪ್ಪನಿಗೆ ಬಲಗಡೆ ಕಾಣಿಸುವುದಿಲ್ಲ. ಗಂಜಿಯ ಚಮಚ ಮಾತ್ರ ಎಲ್ಲಿಂದಲೋ ಬರುತ್ತದೆ.

ಅಪ್ಪ ಯಾರ ಮೇಲೆ ಸಿಟ್ಟಾಗಿದ್ದಾನೆ, ಏನು ಹೇಳಬೇಕೆಂದು ಬಡಿಯುತ್ತಿದ್ದಾನೆ ಅನ್ನುವುದು ಮನೆಯಲ್ಲಿ ಇಬ್ಬರಿಗೇ ಗೊತ್ತು. ಒಬ್ಬನಿಗೆ ಮಾತು ಬರುವುದಿಲ್ಲ. ಇನ್ನೊಬ್ಬ ಬಹಳ ಮಾತುಗಾರ.

ಜುಲೈ 5, ಶುಕ್ರವಾರ

ಆಸ್ಪತ್ರೆಗೆ ವಾರಕ್ಕೊಮ್ಮೆ ಮಾತು ಕಲಿಸಲು ಬರುವ ಅಂಜಲಿ ಮೇಡಂ ಅವರ ಹತ್ತಿರ ಅಪ್ಪನನ್ನು ಕರೆದುಕೊಂಡು ಹೋದೆವು. ಸಂಡೂರಿನವರು, ವಯಸ್ಸು ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ನಗುವುದಿಲ್ಲ. ಅತ್ತೆ ಅಪ್ಪನ ಕಿವಿಗೆ ಬಾಯಿಟ್ಟು ‘ಮೇಡಂ ಬಂದಾರ ನೋಡೋ’ ಅಂತ ಕೂಗಿದಾಗ ಅವರು ಅತ್ತೆಯನ್ನು ಹೊರಗೆ ಕೂರಿಸಿದರು. ಕಿವಿ ಹೋಗಿಲ್ಲ, ಬುದ್ಧಿಯೂ ಹೋಗಿಲ್ಲ, ಒಳಗಿನ ಮಾತು ಹೊರಗೆ ಬರುವ ದಾರಿ ಕಡಿದುಹೋಗಿದೆ ಅಂದರು. ಒಂದು ಸಲಕ್ಕೆ ಒಂದೇ ಮಾತು ಕೇಳಬೇಕು. ಕೇಳಿ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಮಧ್ಯೆ ಬಾಯಿ ಹಾಕಬಾರದು. ಸುಮ್ಮನೆ ಅತ್ತರೂ ನಕ್ಕರೂ ಅದು ಅವರ ಕೈಯಲ್ಲಿಲ್ಲ, ಹೆದರಬಾರದು.

‘ಮುಖ್ಯ ಅಂದ್ರೆ, ಅವರ ಬದಲಿಗೆ ನೀವು ಮಾತಾಡಬಾರದು’ ಅಂದರು, ನನ್ನನ್ನೇ ನೋಡಿ.

ಅಂಕಿ ಹೇಳಿಸಿದರು, ಬರಲಿಲ್ಲ. ವಾರ ಹೇಳಿಸಿದರು, ಬರಲಿಲ್ಲ. ನನಗೆ ಸುಮ್ಮನಿರಲು ಆಗದೆ ಬಸ್‌ಸ್ಟ್ಯಾಂಡಿನ ದನಿಯಲ್ಲಿ ‘ರೈಟ್, ಹೊಸಪೇಟೆ ಬಿಟ್ಟೈತಿ’ ಅಂದೆ. ಅಪ್ಪನ ಬಾಯಿ ತೆರೆಯಿತು. ಹೊಸಪೇಟೆ ಅನಂತಶಯನಗುಡಿ ಕಡ್ಡಿರಾಂಪುರ ಕ್ರಾಸ್ ಕಮಲಾಪುರ ವೆಂಕಟಾಪುರ ಬುಕ್ಕಸಾಗರ ರಾಮಸಾಗರ ಕಂಪ್ಲಿ ಕಂಪ್ಲಿ ಕಂಪ್ಲಿ. ಒಂದೇ ಉಸಿರಿಗೆ, ಹಳೇ ಗಂಟಲಿನಲ್ಲಿ. ಅತ್ತೆ ಹೊರಗಿನಿಂದಲೇ ಕೈಮುಗಿದಳು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

ಮೇಡಂ ಮಾತ್ರ ತಲೆ ಅಲ್ಲಾಡಿಸಿದರು. ಇದು ಮಾತಲ್ಲ, ರೂಢಿ. ಕತ್ತಲಲ್ಲೂ ಕಾಲಿಗೆ ಮೆಟ್ಟಿಲು ತಿಳಿಯುವ ಹಾಗೆ ತಾನಾಗಿ ಓಡುತ್ತದೆ. ನಡುವೆ ಎಲ್ಲಾದರೂ ತಾವೇ ನಿಲ್ಲಿಸಲು ಕಲಿತರೆ ಆ ಒಂದು ಶಬ್ದ ಅವರದಾಗುತ್ತದೆ. ಅಲ್ಲಿಂದ ಮಾತು ಶುರುವಾಗಬಹುದು. ದಿನಾ ಎರಡು ಹೊತ್ತು ಕೂರಿಸಿಕೊಂಡು ನಿಲ್ಲಿಸುವುದನ್ನು ಕಲಿಸಿ ಅಂದರು.

ಜುಲೈ 9, ಮಂಗಳವಾರ

ಇಂದಿನ ಸಂಚಾರ ವರದಿ. ಬೆಳಿಗ್ಗೆ ಹತ್ತು ಟ್ರಿಪ್, ಸಂಜೆ ಹತ್ತು. ಬಸ್ಸು ನಿಲ್ಲಿಸುವುದಕ್ಕೆ ಕಂಡಕ್ಟರ್ ಕೂಗುವ ಮಾತು ಹೋಲ್ಡಾನ್, ಬಿಡುವುದಕ್ಕೆ ರೈಟ್. ನಾನು ಅನಂತಶಯನಗುಡಿಗೆ ಹೋಲ್ಡಾನ್ ಅಂದೆ, ಬಸ್ಸು ಕಂಪ್ಲಿಗೆ ಹೋಯಿತು. ಕಡ್ಡಿರಾಂಪುರಕ್ಕೆ ಹೋಲ್ಡಾನ್ ಅಂದೆ, ಬಸ್ಸು ಕಂಪ್ಲಿಗೆ ಹೋಯಿತು. ಬಾಯಿಗೆ ಕೈ ಅಡ್ಡ ಇಟ್ಟೆ, ಬಸ್ಸು ನನ್ನ ಬೆರಳುಗಳ ಸಂದಿಯಿಂದ ತೂರಿ ಕಂಪ್ಲಿಗೆ ಹೋಯಿತು. ಕೊನೆಗೆ ಅಪ್ಪನೇ ಸುಸ್ತಾಗಿ ಅತ್ತ.

ಜುಲೈ 19, ಶುಕ್ರವಾರ

ಅತ್ತೆ ಪಾರಿವಾಳ ತರಿಸಿದಳು. ಲಕ್ವ ಹೊಡೆದ ಕೈಗೆ ಬಿಸಿ ರಕ್ತ ತಿಕ್ಕಿದರೆ ಜೀವ ಬರುತ್ತದಂತೆ. ಬುಟ್ಟಿಯ ಕೆಳಗೆ ಮುಚ್ಚಿಟ್ಟು ಕುಡುಗೋಲು ತರಲು ಹೋದಾಗ, ಸದರಿ ಪಕ್ಷಿಯನ್ನು ಜಾಮೀನಿನ ಮೇಲೆ ಬಿಡುಗಡೆ ಮಾಡಿ ಬುಟ್ಟಿಯಡಿ ಅತ್ತೆಯ ಎಲೆಅಡಿಕೆ ಚೀಲವನ್ನೇ ಇಟ್ಟೆ. ಅವಳು ಕುಡುಗೋಲು ಎತ್ತಿ ಬುಟ್ಟಿ ಸರಿಸಿದಳು. ಅಪ್ಪ ನಕ್ಕ. ಆರು ವಾರಗಳ ಮೇಲೆ ಮೊದಲ ಸಲ. ನಾನೂ ನಕ್ಕೆ. ಅಪ್ಪನ ನಗು ನಿಲ್ಲಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ಕಣ್ಣಲ್ಲಿ ನೀರು ಬಂದು, ನಗುತ್ತಾ ನಗುತ್ತಾ ಅಳು ಆಯಿತು. ಅದೂ ನಿಲ್ಲಲಿಲ್ಲ. ಮೇಡಂ ಹೇಳಿದ್ದರು, ಅದು ಅವನ ಕೈಯಲ್ಲಿಲ್ಲ. ಆದರೂ ನಾನು ಎದ್ದು ಹೊರಗೆ ಹೋದೆ. ಅವ್ವ ಬಲಗಡೆಯಿಂದ ಅವನ ಬೆನ್ನು ಸವರುತ್ತಿದ್ದಳು. ಯಾರು ಸವರುತ್ತಿದ್ದಾರೆ ಅಂತ ಅವನು ಎಡಗಡೆ ಹುಡುಕುತ್ತಿದ್ದ.

ಆಗಸ್ಟ್ 2, ಶುಕ್ರವಾರ

ಇವತ್ತು ನಿಂತ. ಅನಂತಶಯನಗುಡಿ ಅಂದ, ನಾನು ಹೋಲ್ಡಾನ್ ಅಂದೆ, ಬಾಯಿ ಮುಚ್ಚಿದ. ಹತ್ತು ಎಣಿಸಿದೆ. ಹೊರಡಲಿಲ್ಲ. ರೈಟ್ ಅಂದ ಮೇಲೆ ಹೊರಟ. ಮೂರು ಸಲ ಮಾಡಿಸಿದೆ, ಮೂರು ಸಲವೂ ನಿಂತ. ಖುಷಿಗೆ ಅವನ ಕೆನ್ನೆ ಹಿಂಡಿದೆ.

ಅಪ್ಪ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. ಹಾಗೇ ಹೊಸಪೇಟೆ ಅಂದ, ಅನಂತಶಯನಗುಡಿ ಅಂದ, ಕಡ್ಡಿರಾಂಪುರ ಅಂದ, ಕಮಲಾಪುರ ಅಂದ. ಅಲ್ಲಿ ತಡೆಯಲು ನೋಡಿದ. ತುಟಿ ಕಚ್ಚಿದ, ಕಣ್ಣು ಬಿಗಿದ. ಆದರೂ ವೆಂಕಟಾಪುರ ಹೊರಗೆ ಬಂದುಬಿಟ್ಟಿತು, ಆಮೇಲೆ ಕಂಪ್ಲಿವರೆಗೂ. ಮಂಚ ಬಡಿದ. ಮತ್ತೆ ಶುರು ಮಾಡಿದ. ಮತ್ತೆ ಕಮಲಾಪುರದಲ್ಲೇ ತಿಣುಕಿದ.

ಅವ್ವ ಅಡುಗೆಮನೆಯಲ್ಲಿದ್ದಳು, ಅವಳಿಗೆ ಇದು ದಿನದ ಗಲಾಟೆ. ನನಗೆ ಅರ್ಥವಾಯಿತು. ಏಳೂ ಹನ್ನೆರಡು. ಅವನು ಮಾತು ಕಲಿಯುತ್ತಿಲ್ಲ. ಸಾಕ್ಷಿ ಹೇಳಲು ಕಲಿಯುತ್ತಿದ್ದಾನೆ. ಕಲಿಸುತ್ತಿರುವವನು ನಾನು.

ಆಗಸ್ಟ್ 4, ಭಾನುವಾರ

ತಾಂತ್ರಿಕ ಕಾರಣಗಳಿಂದ ಇಂದು ಬಸ್ ಸಂಚಾರ ಇರುವುದಿಲ್ಲ.

ಆಗಸ್ಟ್ 6, ಮಂಗಳವಾರ

ಇಂದೂ ಇಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂದೆ.

ಆಗಸ್ಟ್ 9, ಶುಕ್ರವಾರ

ಅಭ್ಯಾಸ ಯಾಕೆ ನಿಂತಿದೆ ಅಂತ ಮೇಡಂ ಕೇಳಿದರು. ಅಪ್ಪನಿಗೆ ಸುಸ್ತು ರೀ, ಬ್ಯಾಡ ಅಂತಾನ ಅಂದೆ. ಅವನ ಎದುರಿಗೇ, ಅವನ ಬದಲಿಗೆ. ಅಪ್ಪ ನನ್ನ ಕಡೆ ನೋಡಲಿಲ್ಲ, ನೆಲ ನೋಡಿದ.

ಆಗಸ್ಟ್ 12, ಸೋಮವಾರ

ಡ್ಯಾಮಿನ ಒಂದು ಗೇಟು ಕೊಚ್ಚಿಕೊಂಡು ಹೋಗಿದೆ. ಊರಿಗೆ ಊರೇ ಅದೇ ಮಾತು. ಅತ್ತೆ ಕಂಪ್ಲಿಯ ಸೇತುವೆ ಗತಿ ನೋಡಲು ಓಡಿದಳು. ಎರಡು ದಿನದಿಂದ ನಮ್ಮ ಮನೆಗೆ ಬಂದವರೆಲ್ಲ ನೀರಿನ ಬಗ್ಗೆಯೇ ಮಾತಾಡಿ ಹೋಗುತ್ತಾರೆ. ಅವ್ವನಿಗೆ ಯಾರೂ ಏನೂ ಅನ್ನಲಿಲ್ಲ. ಅವ್ವ ಕೂತಲ್ಲೇ ತೂಕಡಿಸಿ, ಬೆಚ್ಚಿಬಿದ್ದು ಎದ್ದು, ಅಪ್ಪನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಎರಡು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಿಲ್ಲ ಅವಳು. ಮತ್ತೆ ಮಲಗಿದ್ದಾಗ ಏನಾದರೂ ಆದರೆ ಅಂತ.

ಆಗಸ್ಟ್ 20, ಮಂಗಳವಾರ

ಹಾಸ್ಟೆಲಿನಲ್ಲಿ ಅವ್ವ ಗಂಜಿ ಬಸಿಯುವಾಗ ನಿಂತಲ್ಲೇ ನಿದ್ದೆ ಹೋದಳಂತೆ. ಪಾತ್ರೆ ಕೈ ಜಾರಿದೆ. ಎಡಗಾಲು ಮೊಣಕಾಲಿನಿಂದ ಪಾದದವರೆಗೆ ಸುಟ್ಟಿದೆ. ಪಟ್ಟಿ ಕಟ್ಟಿಸಿ ಆಟೋದಲ್ಲಿ ಕರೆತಂದೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಅಪ್ಪನಿಗೆ ಮಧ್ಯಾಹ್ನದ ಗುಳಿಗೆ ಕೊಟ್ಟೆಯಾ ಅಂತ.

ಮನೆ ಮುಟ್ಟಿದ ಮೇಲೆ ಕಾಲು ನೋಡಿಕೊಂಡು ಅಂದಳು: ‘ನಿಮ್ಮಪ್ಪನ್ನ ದಾಟಿದ ಕಾಲು ಇದ, ನೋಡು.’

ನಾನು ಅಪ್ಪನ ಗುಳಿಗೆ ತರಲು ಎದ್ದೆ.

ಆಗಸ್ಟ್ 21, ಬುಧವಾರ

ಬೆಳಿಗ್ಗೆ ಹಾಸಿಗೆಗಳನ್ನು ಮಡಿಚಿ, ಗಂಜಿ ಮಾಡಿ, ಅಪ್ಪನಿಗೆ ಕುಡಿಸಿ, ಎದುರಿಗೆ ಕೂತು ರೈಟ್ ಅಂದೆ. ಅಪ್ಪ ಬಾಯಿ ಬಿಡಲಿಲ್ಲ. ಸಂಜೆಯೂ ಬಿಡಲಿಲ್ಲ.

ಆಗಸ್ಟ್ 30, ಶುಕ್ರವಾರ

ಮೂರು ವಾರ ಬಿಟ್ಟಿದ್ದಕ್ಕೆ ಹಿಂದಿದ್ದದ್ದೂ ಹೋಗಿದೆ ಅಂದರು ಮೇಡಂ. ಬೈಯಲಿಲ್ಲ. ಮಾತು ಕಳಕೊಂಡವರಿಗೆ ಎರಡನೇ ಸಲ ಬಾಗಿಲು ಹಾಕಿದರೆ ಬಡಿಯುವುದನ್ನೇ ಬಿಟ್ಟುಬಿಡುತ್ತಾರೆ ಅಂದರು. ಮೊದಲಿನಿಂದ ಶುರು ಮಾಡಿ.

ಅವ್ವನ ಕಾಲಿನ ಚರ್ಮ ಎದ್ದು ಬಂದಿದೆ. ಪಟ್ಟಿ ಬಿಚ್ಚುವುದು, ತೊಳೆಯುವುದು, ಮುಲಾಮು ಹಚ್ಚುವುದು ನನ್ನ ಕೆಲಸ. ಅಪ್ಪನಿಗೆ ಶೇವ್ ಮಾಡುವುದೂ ಕಲಿತೆ. ಬಲಗಡೆ ಕೆನ್ನೆ ಜೋತು ಬಿದ್ದಿರುತ್ತದೆ, ಬೆರಳಿನಿಂದ ಎಳೆದು ಹಿಡಿಯಬೇಕು.

ಸೆಪ್ಟೆಂಬರ್ 10, ಮಂಗಳವಾರ

ಡ್ರೈವರ್ ಮುದುಕಪ್ಪ ಕಾಕಾ ಬಂದಿದ್ದ. ಎಲ್ಲರ ಹಾಗೆ ಕೂಗಿ ಮಾತಾಡಲಿಲ್ಲ, ಅಯ್ಯೋ ಅನ್ನಲಿಲ್ಲ. ಅಪ್ಪನ ಎಡಗಡೆ ಕೂತು ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು, ಹೊಸ ಕಂಡಕ್ಟರ್ ಹುಡುಗ ಬುಕ್ಕಸಾಗರದಲ್ಲಿ ಮುದುಕಿಯೊಬ್ಬಳನ್ನು ಬಿಟ್ಟು ರೈಟ್ ಕೊಟ್ಟ ಕತೆ ಹೇಳಿದ. ಅಪ್ಪ ಕೇಳುತ್ತಾ ಕೂತಿದ್ದ. ಎದ್ದು ಹೊರಡುವಾಗ ಕಾಕಾ ಬಾಗಿಲಲ್ಲಿ ನಿಂತು, ‘ಬಿಡ್ಲೇನಲೇ ದುರುಗ?’ ಅಂದ. ಅಪ್ಪ ಬಹಳ ಹೊತ್ತು ತಡಕಾಡಿ ‘ರೈಟ್’ ಅಂದ.

ಯಾರೂ ಹೇಳಿಕೊಟ್ಟಿದ್ದಲ್ಲ ಅದು. ಸಂಜೆ ಅಪ್ಪ ತಾನೇ ಬಂದು ನನ್ನ ಎದುರಿಗೆ ಕೂತ.

ಸೆಪ್ಟೆಂಬರ್ 17, ಮಂಗಳವಾರ

ಕಡ್ಡಿರಾಂಪುರದಲ್ಲಿ ನಿಲ್ಲುತ್ತಾನೆ. ಹತ್ತರಲ್ಲಿ ಆರು ಸಲ. ಮುಂದಿನ ಸ್ಟಾಪಿಗೆ ನಾನು ಹೋಲ್ಡಾನ್ ಅನ್ನುವುದಿಲ್ಲ. ಅವನೂ ಕೇಳುವುದಿಲ್ಲ. ಇಬ್ಬರೂ ಅದನ್ನು ದಾಟಿ ಹೋಗುತ್ತೇವೆ.

ಸೆಪ್ಟೆಂಬರ್ 22, ಭಾನುವಾರ

ಅತ್ತೆ ಮತ್ತೆ ಬಂದಳು. ಈ ಸಲ ಅವಳ ಹತ್ತಿರ ಅಭಿಪ್ರಾಯ ಅಲ್ಲ, ತೀರ್ಮಾನ ಇತ್ತು. ಯಾರಲ್ಲೋ ಶಾಸ್ತ್ರ ಕೇಳಿಸಿಕೊಂಡು ಬಂದಿದ್ದಳು. ಹುಲಿಗಿಗೆ ಹೋಗಿ, ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲಿ ಅವ್ವ ಗುಡಿವರೆಗೆ ದೀಡ ನಮಸ್ಕಾರ ಹಾಕಬೇಕು. ಮೈಯುದ್ದ ಬಿದ್ದು, ಕೈಚಾಚಿದಲ್ಲಿ ಗೆರೆ ಎಳೆದು, ಅಲ್ಲಿಂದ ಎದ್ದು ಮತ್ತೆ ಬೀಳುತ್ತಾ. ಗಂಡನನ್ನು ಕಂಡೂ ಕಾಣದ ಹಾಗೆ ದಾಟಿದ ತಪ್ಪು ಹಾಗೆ ಕಳೆಯುತ್ತದಂತೆ. ಮಂಗಳವಾರವೇ.

ಕಾಲಿನ ಗಾಯ ಇನ್ನೂ ಹಸಿ ಐತಿ ಅತ್ತಿ ಅಂದೆ ನಾನು. ಅಷ್ಟೇ ಅಂದೆ. ಅವ್ವ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಆಗಲಿ ಅಂದಳು.

ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಡಿಯಲಿಲ್ಲ. ಎಡಗೈ ಎತ್ತಿ ಕಿಟಕಿಯ ಸರಳು ಹಿಡಿದ, ಬಸ್ಸಿನ ಬಾಗಿಲ ಸರಳು ಹಿಡಿದ ಹಾಗೆ. ‘ಹೊಸಪೇಟೆ’ ಅಂದ. ಉಸಿರು ತೆಗೆದುಕೊಂಡ. ‘ಅನಂತಶಯನಗುಡಿ.’ ಅತ್ತೆ ಹಣೆ ಚಚ್ಚಿಕೊಂಡಳು, ಶುರು ಆತು ಇವನ ಬಸ್ಸು ಅಂದಳು. ‘ಕಡ್ಡಿರಾಂಪುರ.’ ಮತ್ತೆ ಉಸಿರು. ‘ಕಮಲಾಪುರ.’

ತುಟಿ ಮುಂದಿನದಕ್ಕೆ ಹೊರಟಿತ್ತು, ಕಂಡಿತು ನನಗೆ. ಸರಳು ಹಿಡಿದ ಕೈಯ ಗೆಣ್ಣು ಬೆಳ್ಳಗಾಯಿತು.

‘ಹೋಲ್ಡಾನ್’ ಅಂದ.

ನಾನಲ್ಲ, ಅವನು. ಸರಳು ಬಿಟ್ಟು, ಆ ಕೈಯಿಂದಲೇ ತನ್ನ ಬಾಯಿಯ ಬಲತುದಿ ಹಿಡಿದು ಕೆಳಗೆ ಎಳೆದ. ಎಳೆದು ಹಿಡಿದುಕೊಂಡೇ ಎಡಗಡೆ ಅವ್ವನನ್ನು ಹುಡುಕಿದ. ಅವಳು ಬಲಗಡೆ ಇದ್ದಳು. ನಾನು ಹತ್ತು ಎಣಿಸಿದೆ, ಯಾಕೆ ಎಣಿಸಿದೆನೋ.

ಅವ್ವ ಸುಟ್ಟ ಕಾಲು ಎಳೆದುಕೊಂಡು ಮಂಚ ಸುತ್ತಿ ಅವನ ಎಡಗಡೆಗೆ ಬಂದಳು.

‘ಕಮಲಾಪುರಕ್ಕೇನ್ರಿ? ಬೆಳಿಗ್ಗಿ?’

‘ಹೌ’ ಅಂದ ಅಪ್ಪ.

‘ರಾತ್ರಿ ಆರಾಮ ಇದ್ರೇನು?’

‘ಹೌ. ಹೌ.’ ಆಮೇಲೆ ಮೂಲೆಯಲ್ಲಿದ್ದ ಹಾಸಿಗೆಯ ಕಡೆ ಕೈ ತೋರಿಸಿ, ಗಾಳಿಯಲ್ಲಿ ಮಡಿಚಿದ. ತನ್ನ ಎದೆ ಮುಟ್ಟಿಕೊಂಡ.

ಅವ್ವ ನನ್ನ ಕಡೆ ತಿರುಗಿದಳು. ಕಮಲಾಪುರದ ಹೊತ್ತಿಗೆ ನೀ ಮನ್ಯಾಗ ಇದ್ದೆಲ್ಲ ಅಂದಳು. ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ಕೇಳಿದಳು. ಅಪ್ಪ ನನ್ನನ್ನು ನೋಡಲಿಲ್ಲ. ಒಲೆಯ ಕಡೆ ನೋಡುತ್ತಿದ್ದ. ಯಾವಾಗ ಅಂತ ಹೇಳಿದ್ದ, ಯಾರು ಅಂತ ಹೇಳಿರಲಿಲ್ಲ. ನನ್ನ ಹೆಸರು ಅವನ ಬಾಯಿಗೆ ಇನ್ನೂ ಬಂದಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲವೋ ಏನೋ.

ಸ್ನಾನಕ್ಕೆ ಹೋಗಿದ್ದೆ ಅನ್ನಬಹುದಿತ್ತು. ಆ ಮಾತು ನಾಲಿಗೆ ತುದಿಯಲ್ಲೇ ಇತ್ತು. ಜೇಬಿನಿಂದ ಫೋನು ತೆಗೆದು ಅವ್ವನ ಕೈಗೆ ಕೊಟ್ಟೆ. ಆ ವಿಡಿಯೋ ಅಳಿಸಲು ನಾಲ್ಕು ಸಲ ಹೋಗಿದ್ದೆ, ಅಳಿಸಿರಲಿಲ್ಲ.

ಮೂರು ಸಲ ನೋಡಿದಳು. ಎರಡನೇ ಸಲ ಅಪ್ಪನ ಬಾಯಿ ಇದ್ದಲ್ಲಿ ಬೆರಳಿಟ್ಟಳು, ವಿಡಿಯೋ ನಿಂತಿತು. ಮತ್ತೆ ಹಚ್ಚು ಅಂದಳು.

‘ಇದರಾಗ ನಗೋದು ನೀನ ಅಲ್ಲ?’

ಹೂಂ ಅಂದೆ. ಡಾಕ್ಟರಿಗೆ ರಾತ್ರಿ ಅಂದವನೂ ನಾನೇ ಅಂದೆ. ಇಂಜೆಕ್ಷನ್ನಿನ ಟೈಮು, ಬೇವಿನ ಮರ, ಹಾಸಿಗೆ, ಎಲ್ಲ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋದಳು. ಅವ್ವ ಹೊಡೆಯಲಿಲ್ಲ. ಹೊಡೆಯಬೇಕಿತ್ತು. ಫೋನನ್ನು ನೆಲದ ಮೇಲೆ ಬೋರಲು ಇಟ್ಟಳು. ಚಾಪೆ ತಂದು ಮಂಚದ ಎಡಗಡೆ, ಅಪ್ಪನಿಗೆ ಕಾಣುವ ಕಡೆ, ಹಾಸಿಕೊಂಡು ಮಲಗಿದಳು.

ಮೂರು ಗಂಟೆಗೆ ಮಲಗಿದವಳು ಏಳಕ್ಕೂ ಎದ್ದಿಲ್ಲ. ಅಪ್ಪ ಕೂತೇ ಇದ್ದಾನೆ, ಎಡಗೈಯಿಂದ ನೊಣ ಓಡಿಸುತ್ತಾ.

ಸೆಪ್ಟೆಂಬರ್ 24, ಮಂಗಳವಾರ

ಹುಲಿಗಿಗೆ ಯಾರೂ ಹೋಗಲಿಲ್ಲ. ಅತ್ತೆ ಬೆಳಗಿನ ಬಸ್ಸಿಗೆ ಕಂಪ್ಲಿಗೆ ಹೋದಳು. ಹೋಗುವ ಮುಂಚೆ ಅವ್ವನ ಕಾಲಿಗೆ ತಾನೇ ಮುಲಾಮು ಹಚ್ಚಿದಳು.

ಅವ್ವ ನನ್ನ ಜೊತೆ ಮಾತಾಡುತ್ತಿಲ್ಲ. ಬಡಿಸುತ್ತಾಳೆ. ಪಟ್ಟಿ ಬಿಚ್ಚಲು ಕಾಲು ಕೊಡುತ್ತಾಳೆ. ಮುಖ ಆ ಕಡೆ. ಮೇಡಂಗೆ ಫೋನಿನಲ್ಲಿ ಹೇಳಿದೆ, ಡಾಕ್ಟರಿಗೂ ಹೋಗಿ ಹೇಳುತ್ತೇನೆ. ಈಗ ಹೇಳಿದರೆ ಅಪ್ಪನ ಕೈ ಬರುವುದಿಲ್ಲ, ಗೊತ್ತಿದೆ.

ಸಂಜೆ ಅಪ್ಪ ಎದುರಿಗೆ ಬಂದು ಕೂತ. ಹೊಸಪೇಟೆ ಬಿಟ್ಟಿತು. ಕಮಲಾಪುರಕ್ಕೆ ಬಂದು ತಾನೇ ಹೋಲ್ಡಾನ್ ಅಂದ. ನನ್ನ ಮುಖ ನೋಡುತ್ತಾ ಕಾದ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ರೈಟ್ ಅನ್ನಬೇಕಾದವನು ನಾನು. ಬಾಯಿ ತೆರೆದೆ, ಆ ಒಂದು ಶಬ್ದ ಬರಲಿಲ್ಲ. ಅಪ್ಪ ನನ್ನ ಬದಲಿಗೆ ಹೇಳಲಿಲ್ಲ, ಕಾಯುತ್ತಲೇ ಇದ್ದ.

ಒಳಗಿನಿಂದ ಅವ್ವ ‘ರೈಟ್ ರೀ’ ಅಂದಳು. ಅಪ್ಪನಿಗೆ ಅಂದಿದ್ದು, ನನಗಲ್ಲ.

ಅಪ್ಪ ವೆಂಕಟಾಪುರ ಅಂದ.